ಜೈಲಿನಲ್ಲಿ ಹಾಡಲು ಕರೆದಿದ್ದಾರೆ: ಏನು ಹಾಡಬೇಕು, ಹೇಗೆ ಹೋಗಬೇಕು?

ಭದ್ರಾತೀರ, ಶಿವಮೊಗ್ಗ
ಎಲ್ಲರಿಗೂ ನಮಸ್ಕಾರ. ನಮ್ಮದು ಆರು ಜನರ ಸಣ್ಣ ತಂಡ. ಭಾವಗೀತೆ, ತತ್ವಪದ, ಸ್ವಲ್ಪ ಜಾನಪದ ಹಾಡುತ್ತೇವೆ. ಹಾರ್ಮೋನಿಯಂ, ತಬಲಾ, ಕೊಳಲು, ದಮ್ಮಡಿ ಇವೆ. ಗಣಪತಿ ಪೆಂಡಾಲು, ರಾಜ್ಯೋತ್ಸವ, ಮದುವೆ ಮನೆ ಅಂತ ಹಾಡಿಕೊಂಡು ಬಂದವರು. ಈಗ ಗಾಂಧಿ ಜಯಂತಿ ದಿನ ಒಂದು ಜೈಲಿನಲ್ಲಿ ಒಂದೂವರೆ ಗಂಟೆ ಕಾರ್ಯಕ್ರಮ ಕೊಡುತ್ತೀರಾ ಅಂತ ಕೇಳಿದ್ದಾರೆ. ಸಂಭಾವನೆ ಇಲ್ಲ, ನಮಗೂ ಬೇಡ. ಖುಷಿಯಿಂದ ಒಪ್ಪಿಕೊಂಡೆವು.

ಆದರೆ ತಂಡದಲ್ಲೇ ಈಗ ಜಗಳ ಶುರುವಾಗಿದೆ. ಒಬ್ಬರು "ನೀತಿ ಹೇಳುವ ಪದಗಳನ್ನೇ ಹಾಡೋಣ, ಅವರಿಗೆ ಬೇಕಾದ್ದು ಅದೇ" ಎನ್ನುತ್ತಾರೆ. ನಮ್ಮ ತಬಲಾದವರು "ಅಣ್ಣಾವ್ರ ಹಾಡು ಹಾಡಿ, ಸುಮ್ನೆ ಖುಷಿ ಪಡಲಿ" ಎನ್ನುತ್ತಾರೆ. ತಾಯಿಯ ಮೇಲಿನ ಹಾಡು ಬೇಡವೇ ಬೇಡ ಅಂತ ನನಗನ್ನಿಸುತ್ತದೆ.

ಒಳಗೆ ಹೋಗಿ ಹಾಡಿದವರು ಇಲ್ಲಿ ಇದ್ದರೆ ಹೇಳಿ. ಏನು ತೆಗೆದುಕೊಂಡು ಹೋಗಬಹುದು? ಏನು ಮಾತಾಡಬಾರದು? ಒಂದು ಸಲ ಹೋಗಿ ಹಾಡಿ ಬಂದರೆ ಅವರಿಗೆ ಏನಾದರೂ ಉಪಯೋಗ ಇದೆಯಾ?

ತಬಲಾಪ್ರಿಯ, ಧಾರವಾಡ
ಭಾಳ ಚಲೋ ಕೆಲಸ ರೀ ಅಕ್ಕಾರ. ನಾನು ಹೋಗಿ ಬಾರಿಸಿ ಬಂದಿದ್ದೇನೆ, ಆದ್ದರಿಂದ ಮೊದಲು ಗೇಟಿನ ವಿಷಯ ಹೇಳಿಬಿಡುತ್ತೇನೆ.

ಫೋನ್ ಗೇಟಿನಲ್ಲೇ ಬಿಡಬೇಕು. ಇದು ಎಲ್ಲರಿಗೂ ಗೊತ್ತು, ಆದರೆ ಅದರ ಬಿಸಿ ವೇದಿಕೆ ಮೇಲೆ ಕೂತಾಗ ತಟ್ಟುತ್ತದೆ. ಈಗ ಎಲ್ಲರ ತಂಬೂರಿಯೂ ಫೋನಿನಲ್ಲೇ, ಹಾಡಿನ ಸಾಹಿತ್ಯವೂ ಫೋನಿನಲ್ಲೇ. ಎರಡೂ ಗೇಟಿನಲ್ಲಿ ಉಳಿದವು ಅಂದರೆ ಏನು ಮಾಡುತ್ತೀರಿ? ಹಳೇ ಶ್ರುತಿ ಪೆಟ್ಟಿಗೆ ಹುಡುಕಿ ಇಟ್ಟುಕೊಳ್ಳಿ. ಸಾಹಿತ್ಯ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

ವಾದ್ಯಗಳ ಪಟ್ಟಿ ಎರಡು ಪ್ರತಿ ಮಾಡಿಸಿ. ಎಣಿಸಿ ಒಳಗೆ ಬಿಡುತ್ತಾರೆ, ಎಣಿಸಿ ಹೊರಗೆ ಕಳಿಸುತ್ತಾರೆ. ನಮ್ಮ ಹಾರ್ಮೋನಿಯಂ ಮುಚ್ಚಳ ತೆಗೆದು, ತಿದಿ ಎತ್ತಿ ನೋಡಿದರು. ಬೇಜಾರು ಮಾಡಿಕೊಳ್ಳಬೇಡಿ, ಅವರ ಕೆಲಸ ಅದು. ಕೈಗೆ ಹಚ್ಚಿಕೊಳ್ಳುವ ಪೌಡರ್ ಡಬ್ಬಿ ಮಾತ್ರ ಮನೆಯಲ್ಲೇ ಬಿಡಿ. ಬಿಳಿ ಪುಡಿ ಕಂಡ ಕೂಡಲೇ ಡಬ್ಬಿ ಬಿಚ್ಚಿ, ಮೂಸಿ, ಕೊನೆಗೆ ಹೊರಗೇ ಇಡಿಸಿದರು.

ತಬಲಾ ಸುತ್ತಿಗೆಯೂ ಸುಲಭಕ್ಕೆ ಒಳಗೆ ಹೋಗುವುದಿಲ್ಲ. ನಾನು ಗೇಟಿನ ಹೊರಗೆ ಕೂತು ಶ್ರುತಿ ಮಾಡಿಕೊಂಡೇ ಒಳಗೆ ಹೋದೆ. ಆದರೆ ವೇದಿಕೆ ಬಯಲಿನಲ್ಲಿತ್ತು. ಬಿಸಿಲಿಗೆ ಚರ್ಮ ಬಿಗಿದು ಎರಡನೇ ಹಾಡಿಗೇ ಶ್ರುತಿ ಏರಿತು. ಆಮೇಲೆ ವಾರ್ಡರ್ ಒಬ್ಬರು ಸುತ್ತಿಗೆ ತಂದುಕೊಟ್ಟು, ನಾನು ಬಡಿದು ಮುಗಿಸುವ ತನಕ ಪಕ್ಕದಲ್ಲೇ ನಿಂತಿದ್ದು, ವಾಪಸ್ ಇಸಿದುಕೊಂಡು ಹೋದರು. ಇದನ್ನು ಮೊದಲೇ ಕೇಳಿ ಮಾತಾಡಿಕೊಂಡಿರಿ.

ನಿವೃತ್ತಿ ನಂತರ, ಬಳ್ಳಾರಿ
ನಾನು ಆ ಇಲಾಖೆಯಲ್ಲೇ ದುಡಿದವನು. ತಬಲಾದವರು ಹೇಳಿದ್ದು ಸರಿ. ಎರಡು ಮಾತು ಸೇರಿಸುತ್ತೇನೆ.

ಸಂಜೆ ಲಾಕಪ್ ಆಗುವ ಹೊತ್ತಿಗೆ ಎಲ್ಲರೂ ಬ್ಯಾರಕ್‌ಗೆ ಹೋಗಿ ಎಣಿಕೆ ಆಗಬೇಕು. ನಿಮ್ಮ ಕಾರ್ಯಕ್ರಮ ತಡವಾದರೆ ಊಟ, ಎಣಿಕೆ, ಡ್ಯೂಟಿ ಬದಲಾವಣೆ ಎಲ್ಲ ಏರುಪೇರಾಗುತ್ತದೆ. ಆಗ ಸಿಬ್ಬಂದಿಗೆ ಸಂಗೀತದ ಮೇಲೆಯೇ ಸಿಟ್ಟು ಬರುತ್ತದೆ, ಮತ್ತೆ ಕರೆಯುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಅಂದರೆ ಮೂರಕ್ಕೇ ಶುರು ಮಾಡಿ.

ಎರಡನೆಯದು ಭಾಷಣ. ಉದ್ಘಾಟನೆ, ಹಾರ, ಶಾಲು, ಇಬ್ಬರು ಅತಿಥಿಗಳ ಮಾತು ಅಂತ ಮುಕ್ಕಾಲು ಗಂಟೆ ಹೋಗಿಬಿಡುತ್ತದೆ. ಅಧೀಕ್ಷಕರಿಗೆ ಬರೆಯುವ ಪತ್ರದಲ್ಲೇ "ಮೊದಲು ಸಂಗೀತ, ಆಮೇಲೆ ಮಾತು" ಎಂದು ವಿನಂತಿ ಮಾಡಿಕೊಳ್ಳಿ. ಆರೂ ಜನರ ಗುರುತಿನ ಚೀಟಿ ನಕಲು, ಹಾಡುಗಳ ಪಟ್ಟಿ ಜೊತೆಗೇ ಕೊಡಿ.

ಇನ್ನೊಂದು, ಮಹಿಳಾ ವಿಭಾಗಕ್ಕೂ ಕಾರ್ಯಕ್ರಮ ಇದೆಯಾ ಅಂತ ಕೇಳಿ. ಹೆಚ್ಚಾಗಿ ಗಂಡಸರ ಕಡೆ ವೇದಿಕೆ ಹಾಕುತ್ತಾರೆ, ಹೆಂಗಸರು ಗೋಡೆಯಾಚೆಯಿಂದ ಮೈಕಿನ ಸದ್ದು ಕೇಳುತ್ತಾರೆ ಅಷ್ಟೇ.

ಭದ್ರಾತೀರ, ಶಿವಮೊಗ್ಗ
ಸರ್, ಮಹಿಳಾ ವಿಭಾಗದ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ನಾಳೆಯೇ ಕೇಳುತ್ತೇನೆ. ತುಂಬಾ ಥ್ಯಾಂಕ್ಸ್.

ನೇರನುಡಿ, ತುಮಕೂರು
ಒಂದು ಮಾತು ಹೇಳಲೇಬೇಕು. ಕೊಲೆ, ಅತ್ಯಾಚಾರ ಮಾಡಿ ಒಳಗೆ ಹೋದವರಿಗೆ ಸಂಗೀತ ಕಛೇರಿ! ಸರ್ಕಾರಿ ಶಾಲೆ ಮಕ್ಕಳಿಗೆ ಸಂಗೀತ ಮೇಷ್ಟ್ರಿಲ್ಲ. ವೃದ್ಧಾಶ್ರಮಗಳಲ್ಲಿ ಮಾತಾಡಿಸುವವರಿಲ್ಲ. ಅಲ್ಲಿಗೆ ಹೋಗಿ ಹಾಡಬಾರದೇ? ಶಿಕ್ಷೆ ಅಂದ ಮೇಲೆ ಶಿಕ್ಷೆ ತರಹ ಇರಬೇಕು.

ಕರಿಕೋಟು, ಬೆಂಗಳೂರು
ನೇರನುಡಿಯವರೇ, "ಮಾಡಿ ಒಳಗೆ ಹೋದವರು" ಅಂತ ಹೇಗೆ ಹೇಳುತ್ತೀರಿ? ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿ ತೆಗೆದು ನೋಡಿ. ದೇಶದ ಜೈಲುಗಳಲ್ಲಿ ಆ ವರ್ಷದ ಕೊನೆಗೆ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನೂರಕ್ಕೆ 75ಕ್ಕಿಂತ ಜಾಸ್ತಿ ಜನರ ಮೇಲೆ ಇನ್ನೂ ತೀರ್ಪೇ ಬಂದಿಲ್ಲ. ಎಷ್ಟೋ ಜನ ಜಾಮೀನು ಸಿಕ್ಕಿದರೂ ಶ್ಯೂರಿಟಿ ಕೊಡುವವರಿಲ್ಲದೆ ಕೂತಿರುತ್ತಾರೆ. ಇದನ್ನು ನಾನು ಕೋರ್ಟಿನಲ್ಲಿ ಪ್ರತಿ ವಾರ ನೋಡುತ್ತೇನೆ.

ಅಪರಾಧ ಸಾಬೀತಾದವರ ವಿಷಯಕ್ಕೆ ಬಂದರೂ, ಕೋರ್ಟು ಕೊಡುವ ಶಿಕ್ಷೆ ಅಂದರೆ ಸ್ವಾತಂತ್ರ್ಯ ಕಳೆದುಕೊಳ್ಳುವುದು. ಹಾಡು ಕೇಳಬಾರದು ಅಂತ ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳಿವೆ. ಅದರ 105ನೇ ನಿಯಮವೇ ಇದು: ಕೈದಿಗಳ ದೇಹ, ಮನಸ್ಸು ಎರಡರ ಆರೋಗ್ಯಕ್ಕಾಗಿ ಎಲ್ಲ ಜೈಲುಗಳಲ್ಲೂ ಮನರಂಜನೆ, ಸಾಂಸ್ಕೃತಿಕ ಚಟುವಟಿಕೆ ಇರಬೇಕು.

ನೇರನುಡಿ, ತುಮಕೂರು
ಅಂಕಿ ಅಂಶ ಒಪ್ಪುತ್ತೇನೆ. ಆದರೆ ವೇದಿಕೆ ಮುಂದೆ ಕೂತವರಲ್ಲಿ ಸಜಾ ಬಂಧಿಗಳೂ ಇರುತ್ತಾರೆ. ಅವರಿಂದ ನೊಂದವರ ಮನೆಯವರು ಈ ಫೋಟೋ ಪೇಪರಿನಲ್ಲಿ ನೋಡಿದರೆ ಏನನ್ನಿಸಬೇಡ?

ಹೆಸರು ಬೇಡ
ನಾನು ಅಂಥ ಒಂದು ಮನೆಯವಳು. ನನ್ನ ಅಣ್ಣನನ್ನು ಕೊಂದವರು ಈಗಲೂ ಒಳಗಿದ್ದಾರೆ. ಅವರ ಮುಂದೆ ಯಾರೋ ಹಾಡುತ್ತಾರೆ ಅನ್ನುವುದು ನನಗೆ ಅಷ್ಟು ನೋವು ಕೊಡುವುದಿಲ್ಲ. ಪೇಪರಿನಲ್ಲಿ "ಕೈದಿಗಳ ಕಣ್ಣಲ್ಲಿ ನೀರು, ಕರಗಿದ ಕಲ್ಲು ಮನಸ್ಸು" ಅಂತ ಬರೆಯುತ್ತಾರಲ್ಲ, ಅದು ನೋವು ಕೊಡುತ್ತದೆ. ಅಣ್ಣ ಹೋದ ಮೇಲೆ ನಮ್ಮ ಅಮ್ಮನ ಬಳಿ ಯಾರೂ ಬಂದು ಒಂದು ದೇವರ ನಾಮವನ್ನೂ ಹೇಳಲಿಲ್ಲ. ಸಮಾಧಾನ ಮಾಡಲು ಬಂದ ನೆಂಟರೂ ಹದಿಮೂರನೇ ದಿನದ ಊಟ ಮುಗಿಸಿ ಹೋದವರು ಮತ್ತೆ ಬರಲಿಲ್ಲ.

ಹೋಗಿ ಹಾಡಿ ಅಕ್ಕ. ಬೇಡ ಅನ್ನುತ್ತಿಲ್ಲ. ಆದರೆ ಅದನ್ನು ಪ್ರಚಾರ ಮಾಡಿಕೊಳ್ಳಬೇಡಿ.

ಭದ್ರಾತೀರ, ಶಿವಮೊಗ್ಗ
ತಂಗಿ, ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ಕಡೆಯಿಂದ ಫೋಟೋ, ವರದಿ ಏನೂ ಹೋಗುವುದಿಲ್ಲ. ಇದನ್ನು ತಂಡದವರಿಗೆ ಓದಿ ಹೇಳಿದ್ದೇನೆ, ಎಲ್ಲರೂ ಒಪ್ಪಿದ್ದಾರೆ. ನಿಮ್ಮ ಊರು ಯಾವುದಾದರೂ ಸರಿ, ಅಮ್ಮನಿಗೆ ಕೇಳಬೇಕು ಅನ್ನಿಸಿದರೆ ನನಗೆ ಖಾಸಗಿಯಾಗಿ ಬರೆಯಿರಿ. ಬಂದು ಹಾಡುತ್ತೇವೆ.

ನೇರನುಡಿ, ತುಮಕೂರು
ತಂಗಿಯ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಮೊದಲು ನೊಂದವರ ಮನೆ, ಆಮೇಲೆ ಜೈಲು.

ಸ್ವರಸಂಜೆ, ಬೇ ಏರಿಯಾ
ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ದೊಡ್ಡ ಚರಿತ್ರೆಯೇ ಇದೆ. ಕಂಟ್ರಿ ಸಂಗೀತದ (ಇಲ್ಲಿನ ಹಳ್ಳಿ ಸೊಗಡಿನ ಹಾಡು) ಹೆಸರಾಂತ ಗಾಯಕ ಜಾನಿ ಕ್ಯಾಶ್ 1968ರ ಜನವರಿಯಲ್ಲಿ ಫೋಲ್ಸಮ್ ಜೈಲಿನಲ್ಲಿ ಹಾಡಿದರು, ಮರುವರ್ಷ ಸ್ಯಾನ್ ಕ್ವೆಂಟಿನ್‌ನಲ್ಲಿ. ಎರಡೂ ಆಲ್ಬಂ ಆಗಿ ಬಂದವು. ಅದಕ್ಕೂ ಮೊದಲೇ, 1950ರ ದಶಕದ ಕೊನೆಯಲ್ಲಿ, ಅವರು ಸ್ಯಾನ್ ಕ್ವೆಂಟಿನ್‌ಗೆ ಬಂದು ಹಾಡಿದಾಗ ಕೇಳಲು ಕೂತಿದ್ದ ಕೈದಿಗಳಲ್ಲಿ ಮರ್ಲ್ ಹ್ಯಾಗರ್ಡ್ ಅನ್ನುವ ಹುಡುಗನೂ ಇದ್ದ. ಆತ ಹೊರಗೆ ಬಂದು ತಾನೇ ದೊಡ್ಡ ಕಂಟ್ರಿ ಗಾಯಕನಾದ. ಕ್ಯಾಶ್ ಅಷ್ಟಕ್ಕೇ ಬಿಡದೆ 1972ರಲ್ಲಿ ಅಮೆರಿಕದ ಸೆನೆಟ್ ಸಮಿತಿ ಮುಂದೆ ಹೋಗಿ ಜೈಲು ಸುಧಾರಣೆ ಬಗ್ಗೆ ಮಾತಾಡಿದರು.

ಇನ್ನೊಬ್ಬರನ್ನು ನೆನೆಯಬೇಕು, ಮಿಮಿ ಫರೀನ್ಯಾ. ಗಾಯಕಿ ಜೋನ್ ಬಯಾಜ್ ಅವರ ತಂಗಿ. ನ್ಯೂಯಾರ್ಕಿನ ಸಿಂಗ್ ಸಿಂಗ್ ಜೈಲಿನಲ್ಲಿ ಗಾಯಕ, ಗಿಟಾರ್ ವಾದಕ ಬಿ.ಬಿ. ಕಿಂಗ್ ಅವರ ಕಛೇರಿ ನೋಡಿದ ಮೇಲೆ, 1974ರಲ್ಲಿ ಇಲ್ಲೇ ಒಂದು ಸಂಸ್ಥೆ ಕಟ್ಟಿದರು. ಜೈಲು, ಆಸ್ಪತ್ರೆ, ವೃದ್ಧಾಶ್ರಮ, ಎಲ್ಲಿ ಜನ ಹೊರಗೆ ಬಂದು ಸಂಗೀತ ಕೇಳಲು ಆಗುವುದಿಲ್ಲವೋ ಅಲ್ಲಿಗೆ ಕಲಾವಿದರನ್ನು ಕಳಿಸುವುದು ಅದರ ಕೆಲಸ. ನೇರನುಡಿಯವರು ಕೇಳಿದ ವೃದ್ಧಾಶ್ರಮವೂ ಅದರಲ್ಲಿದೆ. ಒಂದನ್ನು ಬಿಟ್ಟು ಇನ್ನೊಂದು ಅನ್ನಬೇಕಾಗಿಲ್ಲ.

ರೆಕಾರ್ಡು ಹುಳ, ಮೈಸೂರು
ಬಿ.ಬಿ. ಕಿಂಗ್ ಅಂದಿರಲ್ಲ. ಅವರು 1970ರಲ್ಲಿ ಶಿಕಾಗೋದ ಕುಕ್ ಕೌಂಟಿ ಜೈಲಿನಲ್ಲಿ ಹಾಡಿದ್ದರ ರೆಕಾರ್ಡು ಶುರುವಾಗುವುದೇ ಅಧಿಕಾರಿಗಳ ಪರಿಚಯದಿಂದ. ಅಲ್ಲಿನ ಶೆರೀಫ್, ನ್ಯಾಯಾಧೀಶರ ಹೆಸರು ಹೇಳಿದ ಕೂಡಲೇ ಕೈದಿಗಳು ಹುಯಿಲೆಬ್ಬಿಸುತ್ತಾರೆ. ಬಳ್ಳಾರಿ ಸರ್ ಹೇಳಿದ ಭಾಷಣದ ಸಮಸ್ಯೆ ಎಲ್ಲ ಕಡೆಯೂ ಇದೆ!

ಫೋಲ್ಸಮ್ ಬಗ್ಗೆಯೂ ಒಂದು ತಿದ್ದುಪಡಿ. ಆ ಆಲ್ಬಂನಲ್ಲಿ, ಸುಮ್ಮನೆ ಒಬ್ಬನನ್ನು ಗುಂಡಿಟ್ಟು ಕೊಂದೆ ಎನ್ನುವ ಸಾಲಿಗೆ ಕೈದಿಗಳು ಕೂಗಿ ಹಾಕುವುದು ಕೇಳುತ್ತದೆ. ಅದು ಅಲ್ಲಿ ಆದದ್ದಲ್ಲ. ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಕಾವಲುಗಾರರು ಸುತ್ತ ನಿಂತಿರುವಾಗ ಅಂಥ ಸಾಲಿಗೆ ಕೂಗುವಷ್ಟು ಧೈರ್ಯ ಯಾರಿಗಿರುತ್ತದೆ? ಹೊರಗಿನವರು ಕೈದಿಗಳನ್ನು ಹೇಗೆ ಕಲ್ಪಿಸಿಕೊಳ್ಳುತ್ತಾರೋ ಹಾಗೆ ಸದ್ದು ಸೇರಿಸಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಹೊರಗಿನ ಗಾಳಿ
ಇಷ್ಟು ದಿನ ಇಲ್ಲಿ ಸುಮ್ಮನೆ ಓದುತ್ತಿದ್ದೆ, ಇವತ್ತು ಬರೆಯುತ್ತೇನೆ. ನಾನು ವಿಚಾರಣಾಧೀನನಾಗಿ ಒಳಗಿದ್ದವನು. ಆಮೇಲೆ ಖುಲಾಸೆ ಆಯಿತು.

ಒಳಗೆ ಸದ್ದಿಗೆ ಬರವಿಲ್ಲ. ಗೇಟು, ಗಂಟೆ, ಹೆಸರು ಕೂಗುವುದು, ಟಿವಿ, ಜಗಳ. ಆದರೆ ನಮಗೋಸ್ಕರ ಅಂತ ಯಾರೂ ಏನನ್ನೂ ಮಾಡಿರುವುದಿಲ್ಲ. ಹಾಗಾಗಿ ಹೊರಗಿನವರು ಬಂದು, ಚಕ್ಕಂಬಕ್ಕಳ ಹಾಕಿ ಕೂತು, ಶ್ರುತಿ ಹಿಡಿದರೆ ಅದಕ್ಕೇ ಅರ್ಧ ಸಮಾಧಾನ ಆಗುತ್ತದೆ.

ನಾನಿದ್ದಾಗ ಒಂದು ಭಜನಾ ಮಂಡಳಿಯವರು ಬಂದಿದ್ದರು. ನಡುವೆ ನಮ್ಮ ಬ್ಯಾರಕ್‌ನ ಒಬ್ಬ ಅಜ್ಜ ಎದ್ದು ನಿಂತು "ನಾನೊಂದು ಪದ ಹೇಳಲೇ?" ಅಂತ ಕೇಳಿದ. ನಿರೂಪಣೆ ಮಾಡುವವರು ಸಮಯ ಇಲ್ಲ ಅಂದರು. ಹಾರ್ಮೋನಿಯಂ ನುಡಿಸುವವರು ಅವರ ಮಾತು ಕೇಳದೆ ಮೈಕನ್ನು ಅಜ್ಜನ ಕಡೆ ತಿರುಗಿಸಿದರು. ಅಜ್ಜ ಒಂದು ಕಿವಿಗೆ ಕೈ ಇಟ್ಟುಕೊಂಡು ಗೀಗೀ ಪದ ಎತ್ತಿದ. ಶ್ರುತಿ ಹಾರ್ಮೋನಿಯಂಗೆ ಕೂಡಲೇ ಇಲ್ಲ. ನುಡಿಸುವವರೇ ಬೇರೆ ಸ್ವರದ ಮನೆ ಹಿಡಿದು ಅಜ್ಜನ ಶ್ರುತಿಗೆ ಬಂದರು. "ಗೀಯ ಗಾ" ಅಂತ ಹಿಂದಿನ ಸಾಲಿನಲ್ಲಿದ್ದ ಉತ್ತರ ಕರ್ನಾಟಕದ ಹುಡುಗರೆಲ್ಲ ದನಿ ಸೇರಿಸಿದರು. ಅಜ್ಜ ನಮ್ಮ ಜೊತೆಗೇ ಮಲಗುತ್ತಿದ್ದವನು, ಹಾಡುತ್ತಾನೆ ಅಂತ ನಮಗೇ ಗೊತ್ತಿರಲಿಲ್ಲ. ಅವತ್ತಿಂದ ರಾತ್ರಿ ದಿನಾ ಹಾಡಿಸುತ್ತಿದ್ದೆವು.

ಭಜನೆಯವರು ಹಾಡಿದ್ದು ಒಂದೂ ನೆನಪಿಲ್ಲ. ಮೈಕ್ ತಿರುಗಿಸಿದ್ದು ನೆನಪಿದೆ. ಆದ್ದರಿಂದ ಅಕ್ಕ, ಅರ್ಧ ಗಂಟೆ ಅವರಿಗೆ ಬಿಡಿ.

ನೀತಿ ಪದ ಜಾಸ್ತಿ ಬೇಡ. ಒಳಗೆ ಬರುವವರೆಲ್ಲ ನೀತಿಯನ್ನೇ ಹೇಳುತ್ತಾರೆ. ಏನು ಕೇಸು, ಎಷ್ಟು ವರ್ಷ ಅಂತ ಯಾರನ್ನೂ ಕೇಳಬೇಡಿ. ಯಾವ ಊರು ಅಂತ ಕೇಳಿ. ಆ ಊರಿನ ಹಾಡು ಬಂದರೆ ಹಾಡಿ. ತಾಯಿ ಹಾಡನ್ನೂ ಹಾಡಿ, ಅಳುವವರು ಅಳಲಿ. ಆದರೆ ಅದನ್ನು ಕೊನೆಗೆ ಇಡಬೇಡಿ. ಕೊನೆಯ ಹಾಡು ಮುಗಿದರೆ ನೇರ ಲಾಕಪ್. ಆ ಹಾಡನ್ನೇ ತಲೆಯಲ್ಲಿಟ್ಟುಕೊಂಡು ರಾತ್ರಿ ಕಳೆಯಬೇಕು. ಕೊನೆಗೆ ಕೈ ತಟ್ಟುವಂಥದ್ದು ಇರಲಿ.

ತಬಲಾಪ್ರಿಯ, ಧಾರವಾಡ
ಅಣ್ಣಾರ, ಈ ಮಾತು ನಮ್ಮಂಥವರು ಯಾರೂ ಹೇಳಲು ಆಗುತ್ತಿರಲಿಲ್ಲ. ಶರಣು.

ಕರಿಕೋಟು, ಬೆಂಗಳೂರು
ಕೊನೆಯ ಹಾಡಿನ ಮಾತು ಚಿನ್ನದಂಥದ್ದು.

ಚಾಮುಂಡಿಬೆಟ್ಟ, ಮೈಸೂರು
ಮೈಕ್ ತಿರುಗಿಸುವ ಈ ಕೆಲಸವನ್ನು ನಮ್ಮಲ್ಲಿ ನಾಟಕದವರು ಆಗಲೇ ಮಾಡಿ ತೋರಿಸಿದ್ದಾರೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು 1990ರ ದಶಕದ ಕೊನೆಯಿಂದ ಜೈಲುಗಳಲ್ಲಿ ಕೈದಿಗಳಿಗೇ ನಾಟಕ ಕಲಿಸಿ, ಅವರನ್ನು ಹೊರಗಿನ ರಂಗಮಂದಿರಗಳಿಗೆ ಕರೆತಂದು ಆಡಿಸಿದರು. ಪೊಲೀಸ್ ಕಾವಲಿನಲ್ಲಿ ಬಂದು, ಬಣ್ಣ ಹಚ್ಚಿ, ಆಡಿ, ಮತ್ತೆ ಜೈಲಿಗೆ ವಾಪಸ್. ನಾನು ಮೈಸೂರಿನಲ್ಲಿ ನೋಡಿದ್ದೇನೆ. ನಾಟಕ ಮುಗಿದ ಮೇಲೆ ಮನೆಯವರು ವೇದಿಕೆ ಪಕ್ಕ ಬಂದು ನಿಂತಿದ್ದರು. ಒಂದು ಮಗು ಅಪ್ಪನ ಮುಖದ ಬಣ್ಣ ಮುಟ್ಟಿ ಮುಟ್ಟಿ ನೋಡುತ್ತಿತ್ತು.

ನಾಟಕಕ್ಕೆ ತಿಂಗಳುಗಟ್ಟಲೆ ತಾಲೀಮು ಬೇಕು, ಆದ್ದರಿಂದ ನಿರ್ದೇಶಕ ಅಲ್ಲೇ ಬೇರು ಬಿಡಬೇಕಾಗುತ್ತದೆ. ಸಂಗೀತದವರು ಒಂದು ಮಧ್ಯಾಹ್ನ ಬಂದು ಹೋಗಿಬಿಡಬಹುದು. ಆ ಅನುಕೂಲವೇ ನಮ್ಮ ದೊಡ್ಡ ತೊಂದರೆ ಅಂತ ನನಗನ್ನಿಸುತ್ತದೆ.

ರೆಕಾರ್ಡು ಹುಳ, ಮೈಸೂರು
ಇದಕ್ಕೆ ಫೋಲ್ಸಮ್‌ನದೇ ಒಂದು ನೋವಿನ ಕಥೆ ಇದೆ. ಗ್ಲೆನ್ ಶೆರ್ಲಿ ಅಂತ ಅಲ್ಲಿನ ಕೈದಿ ಬರೆದ ಹಾಡನ್ನು ಕ್ಯಾಶ್ 1968ರ ಕಾರ್ಯಕ್ರಮದಲ್ಲಿ ಹಾಡಿದರು. ಶೆರ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದ. 1971ರಲ್ಲಿ ಬಿಡುಗಡೆ ಆದಾಗ ಕ್ಯಾಶ್ ಅವನನ್ನು ತಮ್ಮ ತಂಡಕ್ಕೇ ಸೇರಿಸಿಕೊಂಡರು. ಹೊರಗಿನ ಬದುಕು ಅವನಿಗೆ ಒಗ್ಗಲಿಲ್ಲ. ತಂಡ ಬಿಡಬೇಕಾಯಿತು. 1978ರಲ್ಲಿ ಜೀವ ಕಳೆದುಕೊಂಡ. ಹಾಡು ಒಬ್ಬನನ್ನು ಗುರುತಿಸಬಹುದು, ಆದರೆ ಬಿಡುಗಡೆ ಆದವನಿಗೆ ಮನೆ, ಕೆಲಸ, ಜೊತೆಗೆ ನಿಲ್ಲುವ ಜನ ಬೇಕು. ಅದನ್ನು ಸಂಗೀತ ಒಂದೇ ಕೊಡಲಾರದು.

ಲಂಡನ್ ಮಳೆ
ತಂತಿ ವಾದ್ಯದವರು ಯಾರಾದರೂ ಓದುತ್ತಿದ್ದರೆ ಇದನ್ನು ಕೇಳಿ. ಇಲ್ಲಿ ಬಿಲ್ಲಿ ಬ್ರ್ಯಾಗ್ ಎಂಬ ಗಾಯಕ 2007ರಲ್ಲಿ ಜೈಲುಗಳಿಗೆ ಗಿಟಾರ್ ಕೊಡುವ ಕೆಲಸ ಶುರು ಮಾಡಿದರು. ಕೈದಿಗಳ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಆಪ್ತಸಲಹೆಗಾರರು, ಗಿಟಾರ್ ಕಲಿಸುತ್ತೇನೆ, ಆದರೆ ಗಿಟಾರ್‌ಗಳೇ ಇಲ್ಲ ಅಂತ ಪತ್ರ ಬರೆದಿದ್ದೇ ಕಾರಣ. ಆಮೇಲೆ ಸರ್ಕಾರದ ಹೊಸ ನಿಯಮ ಬಂದು ಉಕ್ಕಿನ ತಂತಿಯ ಗಿಟಾರ್‌ಗಳನ್ನು ಕೈದಿಗಳು ಇಟ್ಟುಕೊಳ್ಳುವಂತಿಲ್ಲ ಅಂತಾಯಿತು. ಬ್ರ್ಯಾಗ್ ಮತ್ತು ಇತರ ಕಲಾವಿದರು ಹಟ ಹಿಡಿದು, 2014ರಲ್ಲಿ ಆ ನಿರ್ಬಂಧ ಹೋಯಿತು.

ಗಮನಿಸಿ, ಅವರು ಹೋಗಿ ಹಾಡುವುದಕ್ಕಿಂತ ವಾದ್ಯವನ್ನು ಒಳಗೆ ಬಿಟ್ಟು ಬರುವುದಕ್ಕೆ ಜಾಸ್ತಿ ಒತ್ತು ಕೊಟ್ಟರು.

ಸ್ವರಸಂಜೆ, ಬೇ ಏರಿಯಾ
ಆಫ್ರಿಕಾದ ಮಲಾವಿಯಲ್ಲಿ ಜೋಂಬಾ ಜೈಲಿನ ಕೈದಿಗಳು, ಅಲ್ಲಿನ ಕಾವಲುಗಾರರು ಇಬ್ಬರೂ ಹಾಡಿದ ಆಲ್ಬಂ 2016ರ ಗ್ರ್ಯಾಮಿಗೆ ನಾಮನಿರ್ದೇಶನ ಆಗಿತ್ತು. ವಾರ್ಡರ್‌ಗಳಿಗೂ ಹಾಡಲು ಅವಕಾಶ ಕೊಡಿ ಅಕ್ಕ!

ನಿವೃತ್ತಿ ನಂತರ, ಬಳ್ಳಾರಿ
ಸತ್ಯವಾದ ಮಾತು. ನಮ್ಮ ಸಿಬ್ಬಂದಿಯಲ್ಲಿ ಬಯಲಾಟದ ಒಳ್ಳೇ ಭಾಗವತರೇ ಒಬ್ಬರಿದ್ದರು. ಅವರನ್ನು ಯಾರೂ ಕೇಳಲೇ ಇಲ್ಲ.

ಜೋಗಿ ಪದ, ಚಾಮರಾಜನಗರ
ನಾನು ಕಂಸಾಳೆಯವನು. ಒಂದು ವಿಷಯ ಯಾರೂ ಎತ್ತಿಲ್ಲ. ಸಂಭಾವನೆ ಬೇಡ ಅಂತ ಎಲ್ಲರೂ ಸುಲಭವಾಗಿ ಹೇಳುತ್ತಿದ್ದೀರಿ. ಕೆಲಸ, ಸಂಬಳ ಇರುವವರಿಗೆ ಅದು ಸರಿ. ನಮ್ಮಂಥವರಿಗೆ ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಸೇವೆ ಅಂದರೆ ಪುಕ್ಕಟೆ ಅಂತ ರೂಢಿ ಆಗಿಬಿಟ್ಟರೆ, ಜೈಲಿಗೆ ಬರಿಯ ಸಂಬಳದ ಕಲಾವಿದರೇ ಹೋಗುತ್ತಾರೆ. ಆದರೆ ಒಳಗಿರುವ ಬಡವರಿಗೆ ಗೊತ್ತಿರುವ ಹಾಡು ನಮ್ಮ ಹಾಡು. ಬಸ್ ಚಾರ್ಜು, ಊಟ, ಒಂದು ದಿನದ ಕೂಲಿಯನ್ನಾದರೂ ಕೊಡುವ ವ್ಯವಸ್ಥೆ ಬೇಕು.

ಭದ್ರಾತೀರ, ಶಿವಮೊಗ್ಗ
ಅಣ್ಣ, ನೀವು ಹೇಳಿದ್ದು ಸರಿಯಾಗಿದೆ. ನಾನು ಶಾಲೆ ಟೀಚರ್, ನಮ್ಮ ದಮ್ಮಡಿಯವರು ಗಾರೆ ಕೆಲಸದವರು. ಅವರ ದಿನದ ಕೂಲಿಯನ್ನು ನಾವು ಐದು ಜನ ಹಾಕಿಕೊಳ್ಳುತ್ತೇವೆ.

ನೇರನುಡಿ, ತುಮಕೂರು
ಇದನ್ನು ನಾನೂ ಒಪ್ಪುತ್ತೇನೆ. ಕಲಾವಿದರಿಗೆ ದುಡ್ಡು ಕೊಡಲೇಬೇಕು.

ಸಾರಂಗ, ಉಡುಪಿ
ಜೈಲು ಮತ್ತು ಹಾಡು ಅಂದರೆ ನನಗೆ ಮೊದಲು ನೆನಪಾಗುವುದು ಭದ್ರಾಚಲ ರಾಮದಾಸರು. ಗೋಲ್ಕೊಂಡದ ಸೆರೆಯಲ್ಲಿ ಕೂತು ಕೀರ್ತನೆ ಕಟ್ಟಿದವರು. ಅವರ ಕೀರ್ತನೆಗಳನ್ನು ಇವತ್ತಿಗೂ ಕಛೇರಿಗಳಲ್ಲಿ ಹಾಡುತ್ತಾರೆ. ಅಂದ ಹಾಗೆ, ಹಾರ್ಮೋನಿಯಂ ಬದಲು ತಂಬೂರಿ ಒಯ್ಯಬಾರದೇ? ನಮ್ಮ ಸಂಗೀತಕ್ಕೆ ಹಾರ್ಮೋನಿಯಂ ಒಗ್ಗುವುದಿಲ್ಲ ಅಂತ ಆಕಾಶವಾಣಿಯೇ 1940ರಲ್ಲಿ ನಿಷೇಧ ಹಾಕಿತ್ತು.

ತಬಲಾಪ್ರಿಯ, ಧಾರವಾಡ
ಆ ನಿಷೇಧ 1971ರಲ್ಲಿ ಸಡಿಲ ಆಯಿತು, ಸರ್. ನಮ್ಮ ಕಡೆ ಬಂದು ಹಾರ್ಮೋನಿಯಂ ಬೇಡ ಅಂದರೆ ಯಾರೂ ಒಪ್ಪುವುದಿಲ್ಲ! ಮತ್ತೆ ತಂಬೂರಿಯ ತಂತಿ ಗೇಟಿನಲ್ಲಿ ಇನ್ನೊಂದು ರಗಳೆ.

ಕರಿಕೋಟು, ಬೆಂಗಳೂರು
ವಿಷಯಕ್ಕೆ ಬನ್ನಿ. ಒಂದು ಸಲ ಹೋಗಿ ಬಂದರೆ ಉಪಯೋಗವೇ ಅಂತ ಅಕ್ಕ ಕೇಳಿದ್ದರು. ಉತ್ತರ ಭಾರತದಲ್ಲಿ ಜೈಲು ರೇಡಿಯೋ ನಡೆಯುತ್ತಿದೆ. ವರ್ತಿಕಾ ನಂದಾ ಅವರ ಸಂಸ್ಥೆ 2019ರಲ್ಲಿ ಆಗ್ರಾ ಜಿಲ್ಲಾ ಜೈಲಿನಲ್ಲಿ ಶುರು ಮಾಡಿಸಿತು, ಆಮೇಲೆ ಹರಿಯಾಣದ ಜೈಲುಗಳಿಗೂ ಹೋಯಿತು. ಹಾಡುವವರು, ನಿರೂಪಣೆ ಮಾಡುವವರು ಎಲ್ಲ ಕೈದಿಗಳೇ. ಕಲಾವಿದರು ವರ್ಷಕ್ಕೊಮ್ಮೆ ಬಂದರೂ, ನಡುವಿನ ದಿನಗಳಲ್ಲಿ ಸಂಗೀತ ನಿಲ್ಲುವುದಿಲ್ಲ.

ಭದ್ರಾತೀರ, ಶಿವಮೊಗ್ಗ
ಎಲ್ಲರ ಮಾತನ್ನೂ ಬರೆದಿಟ್ಟುಕೊಂಡು ಇವತ್ತು ತಂಡದ ಜೊತೆ ಕೂತೆವು. ಮೊದಲ ಮುಕ್ಕಾಲು ಗಂಟೆ ನಮ್ಮದು. ಆಮೇಲೆ ಅರ್ಧ ಗಂಟೆ ಅವರದು, ನಾವು ಬರೀ ನುಡಿಸುತ್ತೇವೆ. ಕೊನೆಗೆ ಎಲ್ಲರೂ ಸೇರಿ ಕೈ ತಟ್ಟುವ ಎರಡು ಜಾನಪದ ಹಾಡು. ನೀತಿ ಪದ ಒಂದೇ ಒಂದು, ಅದೂ ನಮ್ಮ ಹಿರಿಯರ ಹಟಕ್ಕೆ.

ಮಹಿಳಾ ವಿಭಾಗಕ್ಕೆ ಬೆಳಿಗ್ಗೆ ಬೇರೆಯಾಗಿ ಹಾಡಬಹುದಾ ಅಂತ ಕೇಳಿದೆ. ಪತ್ರ ಕೊಡಿ, ನೋಡೋಣ ಅಂದಿದ್ದಾರೆ. ಪ್ರತಿ ತಿಂಗಳು ಒಂದು ಶನಿವಾರ ಬಂದು ಹಾಡು ಕಲಿಸುತ್ತೇವೆ ಅಂತಲೂ ಅದೇ ಪತ್ರದಲ್ಲಿ ಬರೆಯುತ್ತಿದ್ದೇನೆ.

ಇನ್ನೊಂದು ಪ್ರಶ್ನೆ. ನನ್ನ ಬಳಿ ಅಪ್ಪನ ಹಳೇ ಹಾರ್ಮೋನಿಯಂ ಇದೆ. ಅದನ್ನು ಅಲ್ಲೇ ಬಿಟ್ಟು ಬರಬಹುದಾ?

ನಿವೃತ್ತಿ ನಂತರ, ಬಳ್ಳಾರಿ
ಬಿಡಬಹುದಮ್ಮ. ಆದರೆ ಯಾರೋ ಒಬ್ಬರ ಕೈಗೆ ಕೊಟ್ಟು ಬರಬೇಡಿ. ಜೈಲಿಗೆ ದಾನ ಕೊಟ್ಟದ್ದು ಅಂತ ಪತ್ರ ಮಾಡಿ, ದಾಸ್ತಾನು ಪುಸ್ತಕದಲ್ಲಿ ಹತ್ತಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಬಳಸುವುದು ಯಾರು, ಯಾವ ಹೊತ್ತಿಗೆ, ಕೀಲಿ ಯಾರ ಬಳಿ ಅಂತ ಅವತ್ತೇ ತೀರ್ಮಾನ ಮಾಡಿಸಿ. ಇಲ್ಲವಾದರೆ ಕಚೇರಿಯ ಬೀರು ಮೇಲೆ ಧೂಳು ತಿನ್ನುತ್ತಾ ಕೂತಿರುತ್ತದೆ.

ತಬಲಾಪ್ರಿಯ, ಧಾರವಾಡ
ಕೊಡುವ ಮೊದಲು ರೀಡುಗಳನ್ನು ಶ್ರುತಿ ಮಾಡಿಸಿ, ತಿದಿ ಸೋರುತ್ತಿದೆಯಾ ನೋಡಿಸಿ ಅಕ್ಕಾರ. ಒಳಗೆ ಕೆಟ್ಟರೆ ರಿಪೇರಿಗೆ ಹೊರಗೆ ಕಳಿಸಲು ಮತ್ತೆ ಪತ್ರ ಓಡಾಡಬೇಕು. ನಿಮ್ಮ ಕಡೆ ಮಾಡುವವರು ಸಿಗದಿದ್ದರೆ ಇಲ್ಲಿಗೆ ಕಳಿಸಿ, ನನಗೆ ಪರಿಚಯದವರಿದ್ದಾರೆ. ಕೂಲಿ ನಾನು ಕೊಡುತ್ತೇನೆ.

ಹೊರಗಿನ ಗಾಳಿ
ಶನಿವಾರದ ಪಾಠಕ್ಕೆ ಅನುಮತಿ ಸಿಕ್ಕಿದರೆ ತಿಳಿಸಿ. ನನಗೆ ಡೊಳ್ಳು ಬರುತ್ತದೆ. ನಾನೂ ಬರುತ್ತೇನೆ.